ಹಗೇವು, ಗೋದಾಮು, ರಸಮೇವಿನ ಗುಂಡಿ: ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಸೀಮೆಯ ಸಂಗ್ರಹ ಪದ್ಧತಿಗಳು

ಕೋಲಾರ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಹರಡಿರುವ ಬಂಗಾರಪೇಟೆ ಸೀಮೆಯು ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದೆ, ಕೆರೆಯ ಕೆಳಗೆ ಭತ್ತವನ್ನೂ ಹೊಲದ ಕೆಂಪುಮಣ್ಣಿನಲ್ಲಿ ರಾಗಿಯನ್ನೂ ಬೆಳೆದುಕೊಂಡು ಬಂದ ಬಯಲುಸೀಮೆ. ಮಳೆಯ ನಂಬಿಕೆಯಿಲ್ಲದ ಇಂತಹ ನೆಲದಲ್ಲಿ ಒಂದು ಸುಗ್ಗಿಯ ಧಾನ್ಯವನ್ನು ಮುಂದಿನ ವರ್ಷಕ್ಕೆ, ಸಾಧ್ಯವಾದರೆ ಅದರಾಚೆಯ ವರ್ಷಗಳಿಗೂ ದಾಟಿಸುವುದು ಬೇಸಾಯದಷ್ಟೇ ಮುಖ್ಯವಾದ ವಿದ್ಯೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಸೀಮೆಯಲ್ಲಿ ಚಿನ್ನದ ಗಣಿಗಳು ತೆರೆದು, ತಾವು ಉಣ್ಣುವ ಧಾನ್ಯವನ್ನು ತಾವು ಬೆಳೆಯದ ಸಾವಿರಾರು ಜನರ ಪಟ್ಟಣವೊಂದು ಎದ್ದು ನಿಂತಾಗ, ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಬಗೆಯ ಸಂಗ್ರಹ ಪದ್ಧತಿಗಳು ಎದುರುಬದುರಾದವು. ಹಳ್ಳಿಯದು ಬರದ ವರ್ಷವನ್ನು ನೆನೆದು ಧಾನ್ಯವನ್ನು ನೆಲದೊಳಗೆ ಹೂಳಿಡುವ ಪದ್ಧತಿಯಾದರೆ, ಗಣಿಪಟ್ಟಣದ್ದು ರೈಲಿನಿಂದ ಇಳಿದ ಮೂಟೆಗಳನ್ನು ಮುಂದಿನ ಸರಕು ಬರುವವರೆಗೆ ಗೋದಾಮಿನಲ್ಲಿ ಅಟ್ಟಿಯಿಡುವ ಪದ್ಧತಿ. ಎರಡನೆಯದು ಮೊದಲನೆಯದನ್ನು ಹೇಗೆ ಹಿಂದಕ್ಕೆ ತಳ್ಳಿತು, ಹಾಗೆ ತಳ್ಳಿದ ಮೇಲೂ ಮೊದಲನೆಯದರ ತತ್ತ್ವ ಯಾವ ರೂಪದಲ್ಲಿ ಮರಳಿತು ಎಂಬುದು ಈ ಸೀಮೆಯ ಕೃಷಿ ಇತಿಹಾಸದಲ್ಲಿ ವಿಚಾರಿಸತಕ್ಕ ಸಂಗತಿಯಾಗಿದೆ.

ನೆಲದಲ್ಲಿ ಧಾನ್ಯ ಹೂಳುವ ಗುಂಡಿಗೆ ಹಳೆಯ ಮೈಸೂರು ಪ್ರಾಂತದಲ್ಲೆಲ್ಲ ಹಗೇವು ಎಂಬ ಹೆಸರಿದೆ. ಕೋಲಾರದ ತೆಲುಗು ಮಾತಿನ ಮನೆಗಳಲ್ಲಿ ಅದನ್ನೇ ಪಾತರ ಎನ್ನುತ್ತಾರೆ. ಹಗೇವು ತೋಡಲು ಊರಿನ ಎತ್ತರದ ಜಾಗವನ್ನು, ಮಳೆಯ ನೀರು ನಿಲ್ಲದೆ ಇಳಿದುಹೋಗುವ, ಗಟ್ಟಿಯಾದ ಗರಸು ಮಣ್ಣಿನ ನೆಲವನ್ನು ಆರಿಸಿಕೊಳ್ಳುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟೇ ಕಿರಿದಾಗಿರುತ್ತಿತ್ತು. ಕೆಳಗೆ ಇಳಿದಂತೆ ಗುಂಡಿ ನಾಲ್ಕು ಕಡೆಗೂ ಹಿಗ್ಗಿ, ಗುಡಾಣದ ಹೊಟ್ಟೆಯಂತೆ ಅಗಲವಾಗುತ್ತಿತ್ತು. ತೋಡಿದ ಗುಂಡಿಯೊಳಗೆ ಹುಲ್ಲು ಸೌದೆಗಳನ್ನು ಉರಿಸಿ ಗೋಡೆಯ ತೇವವನ್ನು ಆರಿಸಿ, ತಳಕ್ಕೂ ಪಕ್ಕಗಳಿಗೂ ಒಣಹುಲ್ಲನ್ನು ದಪ್ಪವಾಗಿ ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ಬಾಯಿಯವರೆಗೆ ತುಂಬಿ, ಮೇಲೆ ಮತ್ತೆ ಹುಲ್ಲು ಹೊದಿಸಿ, ಕಲ್ಲಿನ ಚಪ್ಪಡಿ ಮುಚ್ಚಿ, ಸಂದುಗಳಿಗೆ ಮಣ್ಣು ಮೆತ್ತಿ, ಅದರ ಮೇಲೆ ಮಣ್ಣು ಹರಡಿ ನೆಲಸಮ ಮಾಡುತ್ತಿದ್ದರು. ಹಗೇವುಗಳು ಮನೆಯಂಗಳದಲ್ಲಿಯೂ ಕಣದ ಪಕ್ಕದಲ್ಲಿಯೂ ಊರ ಬೀದಿಯಲ್ಲಿಯೂ ಇರುತ್ತಿದ್ದವು. ಒಳಗೆ ಎಷ್ಟು ಧಾನ್ಯವಿದೆಯೆಂಬುದು ಮಾತ್ರ ಹೂಳಿಟ್ಟ ಮನೆಯವರಿಗೇ ಗೊತ್ತಿರುತ್ತಿತ್ತು.

ಈ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ರಾಗಿಯ ಸ್ವಭಾವ: ಕಾಳು ಒಂದೂವರೆ ಮಿಲಿಮೀಟರಿನಷ್ಟು ಸಣ್ಣದಾಗಿ, ಹೊರಪೊರೆ ಗಟ್ಟಿಯಾಗಿರುವುದರಿಂದ ಅಕ್ಕಿ, ಜೋಳ, ಗೋಧಿಗಳನ್ನು ಕೊರೆದು ಒಳಗೆ ಮೊಟ್ಟೆಯಿಡುವ ಮೂತಿಹುಳುವಿಗೆ ಅದು ಸುಲಭವಾಗಿ ಒದಗುವುದಿಲ್ಲ. ಎರಡನೆಯದು ಗುಂಡಿಯ ರಚನೆ: ಗಾಳಿಯಾಡದಂತೆ ಮುಚ್ಚಿದ ಹಗೇವಿನಲ್ಲಿ ಧಾನ್ಯವೂ ಅದರ ಜೊತೆಗೆ ಸೇರಿದ ಹುಳುಗಳೂ ಉಸಿರಾಡುತ್ತ ಒಳಗಿನ ಆಮ್ಲಜನಕವನ್ನು ಮುಗಿಸಿ, ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ, ಹೀಗೆ ಗಾಳಿ ಸತ್ತ ಮೇಲೆ ಹುಳು ಬದುಕುವುದಿಲ್ಲ, ಬೂಷ್ಟು ಬೆಳೆಯುವುದಿಲ್ಲ. ಅದೇ ಕಾರಣದಿಂದ ಹಗೇವು ತೆರೆಯುವ ಕೆಲಸ ಅಪಾಯದ್ದಾಗಿತ್ತು. ಚಪ್ಪಡಿ ಸರಿಸಿದ ಕೂಡಲೆ ಇಳಿದವನು ಉಸಿರು ಕಟ್ಟಿ ಸಾಯುವ ಸಂಭವವಿದ್ದುದರಿಂದ, ಬಾಯಿ ತೆರೆದು ಬಹಳ ಹೊತ್ತು ಹಾಗೆಯೇ ಬಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ನಂದದೆ ಉರಿಯುತ್ತಿದ್ದರೆ ಮಾತ್ರ ಆಳನ್ನು ಇಳಿಸುವುದು ವಾಡಿಕೆಯಾಗಿತ್ತು. ಗೋಡೆಗೆ ತಾಗಿದ ಕಾಳು ಬಣ್ಣ ತಿರುಗಿ ಮುಗ್ಗುವುದೂ, ಹಗೇವಿನ ರಾಗಿಗೆ ಬೇರೆಯೇ ವಾಸನೆಯೊಂದು ಹತ್ತುವುದೂ ಈ ಪದ್ಧತಿಯ ಕೊರತೆಗಳಾಗಿದ್ದವು.

ಹಗೇವು ಹಲವು ವರ್ಷಗಳ ಸಂಗ್ರಹವಾದರೆ, ದಿನಬಳಕೆಯ ಧಾನ್ಯ ನೆಲದ ಮೇಲೆ, ಮನೆಯೊಳಗೆ ಇರುತ್ತಿತ್ತು. ಬಿದಿರಿನಿಂದ ಹೆಣೆದು ಸಗಣಿ ಮಣ್ಣು ಮೆತ್ತಿದ ಕಣಜ, ಮಣ್ಣಿನಿಂದ ಆಳೆತ್ತರಕ್ಕೆ ಮಾಡಿದ ವಾಡೆ, ಸುಟ್ಟ ಮಣ್ಣಿನ ಗುಡಾಣ, ಇವು ಮನೆಯ ಸ್ಥಿತಿಗತಿಗೆ ತಕ್ಕಂತೆ ನಡುಮನೆಯಲ್ಲಿಯೋ ಕತ್ತಲೆ ಕೋಣೆಯಲ್ಲಿಯೋ ನಿಲ್ಲುತ್ತಿದ್ದವು. ವಾಡೆಯ ಬುಡದಲ್ಲಿ ಒಂದು ತೂತು ಬಿಟ್ಟು, ಬಿರಡೆ ತೆಗೆದಾಗ ಬೇಕಾದಷ್ಟೇ ಕಾಳು ಇಳಿಯುವಂತೆ ಮಾಡುವುದರಿಂದ ಮೊದಲು ತುಂಬಿದ ಧಾನ್ಯವೇ ಮೊದಲು ಖರ್ಚಾಗುತ್ತಿತ್ತು. ಬಿತ್ತನೆಯ ಬೀಜವನ್ನು ಊಟದ ಧಾನ್ಯದಿಂದ ಬೇರ್ಪಡಿಸಿ ಬೂದಿ ಬೆರೆಸಿ ಮಡಕೆಯಲ್ಲಿಡುತ್ತಿದ್ದರು. ಹುಳು ಬೇಗ ಬೀಳುವ ಅವರೆ, ತೊಗರಿ, ಅಲಸಂದೆಗಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುತ್ತಿದ್ದರು. ಬೇವಿನ ಸೊಪ್ಪನ್ನೂ ಹೊಂಗೆಯ ಸೊಪ್ಪನ್ನೂ ಪದರಪದರವಾಗಿ ಹಾಕುತ್ತಿದ್ದರು. ಲೆಕ್ಕವೆಲ್ಲ ಅಳತೆಯಲ್ಲಿಯೇ ನಡೆಯುತ್ತಿತ್ತು, ತೂಕದಲ್ಲಿ ಅಲ್ಲ: ಪಾವು, ಸೇರುಗಳು ಅಡಿಗೆಮನೆಯ ಅಳತೆಗಳಾದರೆ, ಕೊಳಗವೂ ಇಪ್ಪತ್ತು ಕೊಳಗ ಸೇರಿದ ಖಂಡುಗವೂ ಕಣದ ಅಳತೆಗಳು, ಮತ್ತು ಹಗೇವಿನ ಗಾತ್ರವನ್ನು ಹೇಳುತ್ತಿದ್ದುದೂ ಖಂಡುಗದಲ್ಲಿಯೇ.

ಮನುಷ್ಯರ ಧಾನ್ಯದಷ್ಟೇ ದನದ ಮೇವಿನ ಸಂಗ್ರಹಕ್ಕೂ ಕಟ್ಟುನಿಟ್ಟಾದ ಕ್ರಮವಿತ್ತು. ಕಾರ್ತಿಕ, ಮಾರ್ಗಶಿರಗಳಲ್ಲಿ ಕೊಯ್ದ ರಾಗಿಯ ಹೊರೆಗಳನ್ನು ತೆನೆ ಒಳಮುಖವಾಗಿ ಬರುವಂತೆ ಒಟ್ಟಿ ಮಾಡಿದ ಮೆದೆಯಲ್ಲಿ ಬೆಳೆ ಕೆಲವು ವಾರಗಳು ಉಳಿದು, ಹದವಾಗಿ ಒಣಗಿ, ಬಿಡುವಾದಾಗ ಕಣಕ್ಕೆ ಬಂದು ಗುಂಡಿನ ಕೆಳಗೆ ಒಕ್ಕಣೆಯಾಗುತ್ತಿತ್ತು. ಕಾಳು ಬೇರೆಯಾದ ಮೇಲೆ ಹುಲ್ಲು ಬಣವೆಗೆ ಸೇರುತ್ತಿತ್ತು. ಬಣವೆ ಒಟ್ಟುವುದು ಎಲ್ಲರಿಗೂ ಬರುವ ಕೆಲಸವಲ್ಲ; ತಳದಲ್ಲಿ ಕಲ್ಲು, ಮುಳ್ಳು, ಸೌದೆ ಹಾಸಿ ಗೆದ್ದಲನ್ನು ತಡೆದು, ನೆತ್ತಿಯನ್ನು ಮನೆಯ ಮಾಡಿನಂತೆ ಇಳಿಜಾರು ಮಾಡಿ, ಮಳೆ ಎಷ್ಟೇ ಹೊಡೆದರೂ ನೀರು ಹೊರಪದರದಲ್ಲಿಯೇ ಜಾರಿಹೋಗುವಂತೆ ಕಟ್ಟಿದರೆ ಒಳಗಿನ ಹುಲ್ಲು ಮರುವರ್ಷಕ್ಕೂ ಬರುತ್ತಿತ್ತು. ರಾಗಿಹುಲ್ಲಿನ ಜೊತೆಗೆ ಎತ್ತುಗಳಿಗೂ ಕುದುರೆಗಳಿಗೂ ಹುರುಳಿಯ ದಾಣಿ ಸಲ್ಲುತ್ತಿದ್ದುದರಿಂದ ಹುರುಳಿಯೂ ಸಂಗ್ರಹದ ಬೆಳೆಯಾಗಿತ್ತು.

ಧಾನ್ಯ ನೆಲದೊಳಗೂ ಮೇವು ನೆಲದ ಮೇಲೂ ಇರುತ್ತಿದ್ದುದರ ಪರಿಣಾಮ ಯುದ್ಧಕಾಲದಲ್ಲಿ ತೋರಿಬರುತ್ತಿತ್ತು. ಬಂಗಾರಪೇಟೆಗೆ ಹತ್ತಿರದ ಬೂದಿಕೋಟೆ ಹೈದರಾಲಿಯ ಹುಟ್ಟೂರು; ಕೋಲಾರ ಸೀಮೆ ಹದಿನೆಂಟನೆಯ ಶತಮಾನವಿಡೀ ಮೈಸೂರು, ಮರಾಠ, ನಿಜಾಮ, ಇಂಗ್ಲಿಷ್ ಸೈನ್ಯಗಳು ಹಾದುಹೋಗುತ್ತಿದ್ದ ದಾರಿ. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಘಟ್ಟವನ್ನೇರಿ ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಅದೇ ವರ್ಷ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿಯೂ ಹಿಂದಿರುಗಬೇಕಾಗಿ ಬಂದುದಕ್ಕೆ ಮುಖ್ಯ ಕಾರಣ, ಟಿಪ್ಪುವಿನ ಕಡೆಯವರು ದಾರಿಯ ಮೇವನ್ನು ಸುಟ್ಟು ಹಾಕಿದ್ದರಿಂದ ಬಂಡಿಯ ಎತ್ತುಗಳು ಸಾಲುಸಾಲಾಗಿ ಸತ್ತದ್ದು. ಬಣವೆಗೆ ಒಂದು ಕಿಡಿ ಸಾಕು. ಮಣ್ಣು ಮುಚ್ಚಿದ ಹಗೇವನ್ನು ಬೆಂಕಿ ತಾಗದು, ಅವಸರದಲ್ಲಿ ಸಾಗುವ ಕುದುರೆ ಸವಾರನ ಕಣ್ಣಿಗೂ ಅದು ಬೀಳದು. ಶ್ರೀರಂಗಪಟ್ಟಣದ ಪತನದ ನಂತರ, 1800ರಲ್ಲಿ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿ ಕೋಲಾರದ ಕಡೆಗೂ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬೇಸಾಯವನ್ನು ವಿವರವಾಗಿ ದಾಖಲಿಸುವಾಗ, ರಾಗಿಯನ್ನು ನೆಲಗುಂಡಿಗಳಲ್ಲಿ ವರ್ಷಗಟ್ಟಲೆ ಕಾಪಾಡುವ ಪದ್ಧತಿಯನ್ನೂ ಬರೆದಿಟ್ಟಿದ್ದಾನೆ.

ಹಗೇವು ಒಂದು ಬರವನ್ನು ದಾಟಿಸಬಲ್ಲದು, ಬರದ ಮೇಲೆ ಬರ ಬಂದರೆ ದಾಟಿಸಲಾರದು ಎಂಬುದನ್ನು 1876ರಿಂದ 1878ರವರೆಗಿನ ಕ್ಷಾಮ ತೋರಿಸಿಕೊಟ್ಟಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಈ ಬರ ಕೋಲಾರ ಜಿಲ್ಲೆಯನ್ನು ಎಷ್ಟು ಕ್ರೂರವಾಗಿ ಹಿಂಡಿತೆಂದರೆ, 1871ರ ಜನಗಣತಿಯಲ್ಲಿ ಸುಮಾರು 6 ಲಕ್ಷ 19 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 4 ಲಕ್ಷ 61 ಸಾವಿರಕ್ಕೆ ಇಳಿದಿತ್ತು. ನಾಲ್ಕರಲ್ಲಿ ಒಂದು ಪಾಲು ಜನ ಸತ್ತರು ಅಥವಾ ಊರು ಬಿಟ್ಟರು. ಒಂದಾದ ಮೇಲೊಂದು ಮಳೆಗಾಲ ಕೈಕೊಟ್ಟಾಗ ಹಗೇವುಗಳು ಬರಿದಾದವು. ಹಗೇವು ಇದ್ದದ್ದೇ ಜಮೀನುಳ್ಳ ಮನೆಗಳಲ್ಲಿ. ಕೂಲಿಯವರಿಗೆ ಹಗೇವೂ ಇರಲಿಲ್ಲ, ಬರದಲ್ಲಿ ಕೂಲಿಯೂ ಇರಲಿಲ್ಲ. ಮೇವಿಲ್ಲದೆ ದನಗಳು ಅಪಾರ ಸಂಖ್ಯೆಯಲ್ಲಿ ಸತ್ತದ್ದರಿಂದ ಮಳೆ ಬಂದ ಮೇಲೂ ಉಳುವುದಕ್ಕೆ ಎತ್ತಿಲ್ಲದ ಸ್ಥಿತಿಯುಂಟಾಯಿತು. ಹಸಿಮೇವನ್ನು ಗಾಳಿಯಾಡದ ಗುಂಡಿಯಲ್ಲಿ ಒತ್ತಿ ತುಂಬಿ ತಿಂಗಳುಗಟ್ಟಲೆ ಕಾಪಾಡುವ ವಿಧಾನವನ್ನು ಕುರಿತ ಫ್ರಾನ್ಸಿನ ಆಗಸ್ಟ್ ಗೊಫಾರನ ಗ್ರಂಥ ಪ್ರಕಟವಾದದ್ದೂ 1877ರಲ್ಲಿಯೇ. ರಾಗಿಯನ್ನು ಅದೇ ತತ್ತ್ವದ ಮೇಲೆ ಹೂಳಿಡುತ್ತಿದ್ದ ಕೋಲಾರದ ರೈತನಿಗೆ ಆ ವಿಧಾನ ಮುಟ್ಟಲು ಇನ್ನೂ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಕ್ಷಾಮದ ಹೊತ್ತಿಗೆ ಈ ಸೀಮೆಗೆ ರೈಲು ಬಂದಾಗಿತ್ತು. ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ 1864ರಲ್ಲಿ ತೆರೆದ ಮಾರ್ಗದಲ್ಲಿ, ಆಗಿನ ಮೈಸೂರು ಕಮಿಷನರ್ ಲೆವಿನ್ ಬೌರಿಂಗನ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂಬ ನಿಲ್ದಾಣ ಪಟ್ಟಣವಾಗಿ ಬೆಳೆಯಿತು. ಇಂದಿನ ಬಂಗಾರಪೇಟೆ ಅದೇ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ, ಯಂತ್ರಗಳೂ ಧಾನ್ಯವೂ ಮೊದಮೊದಲು ಬೌರಿಂಗ್‌ಪೇಟೆಯಲ್ಲಿ ರೈಲಿನಿಂದಿಳಿದು ಎತ್ತಿನ ಬಂಡಿಗಳಲ್ಲಿ ಸಾಗಬೇಕಾಗಿತ್ತು. 1894ರಲ್ಲಿ ಅಲ್ಲಿಂದ ಗಣಿ ಪ್ರದೇಶಕ್ಕೆ, ಮಾರಿಕುಪ್ಪದವರೆಗೆ, ಸುಮಾರು ಹತ್ತು ಮೈಲಿಗಳ ಕವಲು ಮಾರ್ಗ ತೆರೆಯಿತು. 1901ರ ಗಣತಿಯ ಹೊತ್ತಿಗೆ ಕೋಲಾರ ಚಿನ್ನದ ಗಣಿಯ ಜನಸಂಖ್ಯೆ 38,204. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ನ್ಯಾರೋ ಗೇಜ್ ಮಾರ್ಗವೂ ಬಂದು, ಉತ್ತರದ ಹಳ್ಳಿಗಳ ಫಸಲಿಗೂ ಮಾರುಕಟ್ಟೆಯ ದಾರಿ ತೆರೆಯಿತು.

ಗಣಿಯ ಕೆಲಸಗಾರರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಭಾಷಿಕರು. ಪಟ್ಟಣದ ಅಡಿಗೆಮನೆಗಳಲ್ಲಿ ಅಕ್ಕಿಗೆ ಹಿರಿಯ ಸ್ಥಾನ ಬಂದಿತು. ಈ ಬದಲಾವಣೆ ಬಾಯಿರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪಾಲಿಶ್ ಮಾಡಿದ ಅಕ್ಕಿ ರಾಗಿಯಂತೆ ಬಹುಕಾಲ ನಿಲ್ಲುವ ಧಾನ್ಯವಲ್ಲ. ಮಳೆಗಾಲದ ತೇವದಲ್ಲಿ ಅದಕ್ಕೆ ನುಸಿ, ಮೂತಿಹುಳುಗಳು ಬೇಗ ಬೀಳುತ್ತವೆ. ಸಾಲುಮನೆಯ ಒಂದು ಕೋಣೆಯ ಗುಡಿಸಲಿನಲ್ಲಿ ವಾಡೆ ನಿಲ್ಲಿಸಲು ಜಾಗವಿರಲಿಲ್ಲ, ಕಂಪನಿಯ ನೆಲದಲ್ಲಿ ಹಗೇವು ತೋಡುವ ಹಕ್ಕಿರಲಿಲ್ಲ, ಸಂಬಳದ ದಿನ ಕೊಂಡ ಅಕ್ಕಿ ಮುಂದಿನ ಸಂಬಳದವರೆಗೆ ಬಂದರೆ ಅದೇ ದೊಡ್ಡದಾಗಿತ್ತು. ಆದ್ದರಿಂದ ಗಣಿಪಟ್ಟಣದಲ್ಲಿ ಸಂಗ್ರಹ ಎಂಬುದು ಮನೆಯಿಂದ ಹೊರಬಿದ್ದು ವರ್ತಕನ ಮಂಡಿಗೂ ರೈಲಿನ ಗೂಡ್ಸ್ ಶೆಡ್ಡಿಗೂ ಸೇರಿತು. ಮನೆಯಲ್ಲಿ ಉಳಿದದ್ದು ಡಬ್ಬಿ ಮತ್ತು ಅಂಗಡಿಯ ಸಾಲದ ಚೀಟಿ.

ಗೋಣಿಚೀಲದ ಅಟ್ಟಿಗಳಿಗೆ ಹೆಗ್ಗಣ, ಇಲಿಗಳ ಕಾಟ ಹಗೇವಿಗಿಂತ ಎಷ್ಟೋ ಹೆಚ್ಚು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ರೋಗ ಗಣಿ ಪ್ರದೇಶವನ್ನೂ ಮುಟ್ಟಿತು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆಂದು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಇಂಡಿಯಾದಲ್ಲಿ ನಡೆಸಿದ ಪ್ರಯೋಗಗಳಿಂದ ತೋರಿಸಿದ್ದೂ ಅದೇ ವರ್ಷ. ಧಾನ್ಯವನ್ನು ಕಾಪಾಡುವ ಪ್ರಶ್ನೆ ಅಲ್ಲಿಂದ ಮುಂದೆ ಆರೋಗ್ಯದ ಪ್ರಶ್ನೆಯೂ ಆಗಿ, ಇಕ್ಕಟ್ಟಿನ ಗುಡಿಸಲುಗಳ ವಿಚಾರದಲ್ಲಿ ಕಂಪನಿಗಳೂ ಸರ್ಕಾರವೂ ಎಚ್ಚೆತ್ತವು; ಬ್ರಿಟಿಷ್ ರೆಸಿಡೆಂಟನ ಹೆಸರಿನಲ್ಲಿ ರಾಬರ್ಟ್‌ಸನ್‌ಪೇಟೆ ಎಂಬ ಹೊಸ ಬಡಾವಣೆಯನ್ನು ಅಗಲವಾದ ಬೀದಿಗಳೊಡನೆ ನಿರ್ಮಿಸಿದರು. ಕ್ರಮೇಣ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ಮಾರುಕಟ್ಟೆಗಳೇ ಗಣಿಪಟ್ಟಣದ ಕಣಜಗಳಾದವು.

ಸದಾ ಸಾಗುತ್ತಿರುವ ಸರಕನ್ನೇ ನೆಚ್ಚಿಕೊಂಡ ಈ ವ್ಯವಸ್ಥೆಗೆ ಎರಡನೆಯ ಮಹಾಯುದ್ಧ ದೊಡ್ಡ ಪೆಟ್ಟು ಕೊಟ್ಟಿತು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ದಕ್ಷಿಣ ಇಂಡಿಯಾದ ಪಟ್ಟಣಗಳೆಲ್ಲ ಕಂಗೆಟ್ಟವು. ಮೈಸೂರು ಸಂಸ್ಥಾನ ಪಟ್ಟಣಗಳಿಗೆ ಪಡಿತರವನ್ನೂ, ಅದಕ್ಕೆ ಧಾನ್ಯ ಒದಗಿಸಲು ರೈತರ ಮೇಲೆ ಲೆವಿಯನ್ನೂ ವಿಧಿಸಿತು. ಲೆವಿ ಎಂದರೆ ಬೆಳೆದ ಧಾನ್ಯದಲ್ಲಿ ಗೊತ್ತುಪಡಿಸಿದ ಪಾಲನ್ನು ಸರ್ಕಾರ ಹೇಳಿದ ಬೆಲೆಗೆ ಕಡ್ಡಾಯವಾಗಿ ಒಪ್ಪಿಸುವುದು. ಹಗೇವಿನಲ್ಲಿ ಎಷ್ಟಿದೆಯೆಂಬುದು ಅದುವರೆಗೆ ಮನೆಯ ಗುಟ್ಟಾಗಿದ್ದರೆ, ಇನ್ನು ಮುಂದೆ ಅದು ಸರ್ಕಾರಿ ಲೆಕ್ಕದ ವಿಷಯವಾಯಿತು. ಸ್ವಾತಂತ್ರ್ಯಾನಂತರ ಈ ತಾತ್ಕಾಲಿಕ ಏರ್ಪಾಟು ಸ್ಥಿರವಾದ ಸಂಸ್ಥೆಗಳ ರೂಪ ತಾಳಿತು: 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ಮೈಸೂರು ರಾಜ್ಯದ ಉಗ್ರಾಣ ನಿಗಮವೂ, 1965ರಲ್ಲಿ ಭಾರತ ಆಹಾರ ನಿಗಮವೂ ಹುಟ್ಟಿದವು. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಧಾನ್ಯಕ್ಕೆ ಬೀಳುವ ಹುಳುಗಳ ನಿವಾರಣೆಯನ್ನು ತನ್ನ ಮುಖ್ಯ ಸಂಶೋಧನೆಗಳಲ್ಲಿ ಒಂದಾಗಿ ಕೈಗೊಂಡಿತು. ಮುಚ್ಚಿದ ಹಗೇವಿನಲ್ಲಿ ತಾನಾಗಿ ನಡೆಯುತ್ತಿದ್ದ ಹುಳುನಾಶವನ್ನು ಗೋದಾಮುಗಳಲ್ಲಿ ವಿಷದ ಹೊಗೆಯಿಂದ, ಅಂದರೆ ಅಟ್ಟಿಗೆ ಹೊದಿಕೆ ಹಾಕಿ ಒಳಗೆ ಅನಿಲ ಬಿಟ್ಟು, ಸಾಧಿಸಬೇಕಾಯಿತು.

ಹಗೇವುಗಳು ಒಂದು ಆಜ್ಞೆಯಿಂದ ಮುಚ್ಚಿದವುಗಳಲ್ಲ. ಕೊಳವೆಬಾವಿಗಳು ಬಂದ ಮೇಲೆ ಕೋಲಾರದ ಹೊಲಗಳು ಹಿಪ್ಪುನೇರಳೆ, ಟೊಮೇಟೊ, ಮಾವುಗಳಿಗೆ ತಿರುಗಿ, ಹೂಳಿಡುವಷ್ಟು ರಾಗಿ ಬೆಳೆಯುವ ಮನೆಗಳು ಕಡಿಮೆಯಾದವು. ಮನೆತನಗಳು ಪಾಲಾಗಿ ಹಿಡುವಳಿಗಳು ಚಿಕ್ಕದಾದವು. ಬೀದಿಗಳಿಗೆ ಕಾಂಕ್ರೀಟು ಬಿದ್ದು ಚಪ್ಪಡಿಗಳು ಅದರಡಿಯಲ್ಲಿ ಸೇರಿಹೋದವು. ನ್ಯಾಯಬೆಲೆ ಅಂಗಡಿ ಹಳ್ಳಿಗೂ ಬಂದ ಮೇಲೆ ಬರಕ್ಕಾಗಿ ಕೂಡಿಡುವ ಅಂಜಿಕೆಯೂ ತಗ್ಗಿತು. ಗಣಿಪಟ್ಟಣದ ಕಥೆ ಬೇರೆ ದಾರಿಯಲ್ಲಿ ಸಾಗಿ ಅದೇ ಅಂಗಡಿಯ ಮುಂದೆ ಬಂದು ನಿಂತಿತು. 1956ರಲ್ಲಿ ರಾಜ್ಯ ಸರ್ಕಾರದ ವಶವಾಗಿ, ಮುಂದೆ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಸೇರಿದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದಾಗ, ಸಂಬಳದ ಆಧಾರ ತಪ್ಪಿದ ಕುಟುಂಬಗಳಿಗೆ ಪಡಿತರ ಚೀಟಿಯೇ ಕಣಜವಾಯಿತು. ಸರ್ಕಾರ ಬೆಂಬಲ ಬೆಲೆಗೆ ರಾಗಿಯನ್ನು ಕೊಂಡು ದಕ್ಷಿಣ ಕರ್ನಾಟಕದ ಪಡಿತರದಲ್ಲಿ ಹಂಚುತ್ತಿರುವ ಇಂದಿನ ಕ್ರಮದಲ್ಲಿ, 2023-24ರಲ್ಲಿ ಕ್ವಿಂಟಲಿಗೆ 3,846 ರೂಪಾಯಿ ಗೊತ್ತಾಗಿದ್ದ ಆ ಧಾನ್ಯ ಹಗೇವನ್ನು ಕಾಣದೆ ಗೋಣಿಚೀಲದಲ್ಲಿಯೇ ಉಗ್ರಾಣಕ್ಕೆ ಹೋಗಿ, ಅಲ್ಲಿಂದ ಬೆಳೆದವರ ಊರಿಗೇ ಹಿಂದಿರುಗುವುದೂ ಉಂಟು.

ಧಾನ್ಯದಲ್ಲಿ ಮರೆಯಾದ ಗುಂಡಿ ಮೇವಿನಲ್ಲಿ ಮರಳಿ ಬಂದದ್ದು ಹೈನುಗಾರಿಕೆಯಿಂದ. 1987ರಲ್ಲಿ ಕೋಲಾರಕ್ಕೆ ಪ್ರತ್ಯೇಕ ಹಾಲು ಒಕ್ಕೂಟ ಸ್ಥಾಪನೆಯಾದ ಮೇಲೆ ಮಿಶ್ರತಳಿಯ ಹಸುಗಳು ಹೆಚ್ಚಿ, ರಾಗಿಹುಲ್ಲಿನ ಬಣವೆಯೊಂದರಿಂದಲೇ ಹಾಲಿನ ಇಳುವರಿ ಉಳಿಯದೆಂಬುದು ರೈತರಿಗೆ ಮನವರಿಕೆಯಾಯಿತು. ಹಸಿಮೇವು ಮಳೆಗಾಲದಲ್ಲಿ ಮಿಕ್ಕು ಬೇಸಿಗೆಯಲ್ಲಿ ಇಲ್ಲವಾಗುವ ಈ ಸೀಮೆಯಲ್ಲಿ ಅದಕ್ಕೆ ಉತ್ತರವಾಗಿ ಬಂದದ್ದು ರಸಮೇವು. ಕಾಳು ಹಾಲುಗಟ್ಟಿ ಇನ್ನೂ ಗಟ್ಟಿಯಾಗದ ಹಂತದಲ್ಲಿ ಮುಸುಕಿನ ಜೋಳವನ್ನು ಕೊಯ್ದು, ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ, ಪದರಪದರವಾಗಿ ಗುಂಡಿಗೆ ಹಾಕಿ ತುಳಿದೋ ಟ್ರ್ಯಾಕ್ಟರ್ ಹಾಯಿಸಿಯೋ ಗಾಳಿ ಹೊರದೂಡಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಮೇಲೆ ಮಣ್ಣಿನ ಭಾರ ಹೇರಿದರೆ, ಒಳಗಿನ ಸೂಕ್ಷ್ಮಜೀವಿಗಳು ಮೇವಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡಿ, ನಾಲ್ಕರಿಂದ ಆರು ವಾರಗಳಲ್ಲಿ ಮೇವು ಹುಳಿಯಾಗಿ ಪಾಕಕ್ಕೆ ಬರುತ್ತದೆ. ಮುಚ್ಚಳ ತೆರೆಯದಿದ್ದರೆ ಬಹುಕಾಲ ಕೆಡುವುದಿಲ್ಲ. ಒಣ ರಾಗಿಯ ಹಗೇವಿಗೂ ಹಸಿಮೇವಿನ ಈ ಗುಂಡಿಗೂ ತೇವದ ಪ್ರಮಾಣದಲ್ಲಿ ಅಜಗಜಾಂತರವಿದ್ದರೂ, ಗಾಳಿಯನ್ನು ಹೊರಗಿಟ್ಟು ಕಾಪಾಡುವ ತತ್ತ್ವ ಎರಡಕ್ಕೂ ಒಂದೇ. ಎರಡು ಹಸು ಕಟ್ಟಿದ ಸಣ್ಣ ರೈತರೂ ಮಾಡಿಕೊಳ್ಳುವಂತೆ ಈಗ ಅದೇ ತತ್ತ್ವ ದಪ್ಪ ಪ್ಲಾಸ್ಟಿಕ್ ಚೀಲಗಳಿಗೂ ಇಳಿದಿದೆ.

ಆಕಾಶಕ್ಕೆ ಎದ್ದ ಗೋಪುರಾಕಾರದ ಸೈಲೋಗಳು, ಅಂದರೆ ಮೂಟೆ ಕಟ್ಟದೆ ಬಿಡಿಕಾಳನ್ನೇ ಯಂತ್ರದಿಂದ ತುಂಬಿ ಗಾಳಿ, ಶಾಖ, ತೇವಗಳನ್ನು ಹತೋಟಿಯಲ್ಲಿಡುವ ಉಕ್ಕಿನ ಕಣಜಗಳು, ಈ ಸೀಮೆಯ ಹೊಲಗಳಲ್ಲಿ ನೆಲೆಯೂರಲಿಲ್ಲ. ಭಾರತ ಆಹಾರ ನಿಗಮಕ್ಕಾಗಿ ಖಾಸಗಿ ಸಹಭಾಗಿತ್ವದಲ್ಲಿ ಪಂಜಾಬಿನ ಮೋಗಾ ಮತ್ತು ಹರಿಯಾಣದ ಕೈತಾಲದಲ್ಲಿ ತಲಾ 2 ಲಕ್ಷ ಟನ್ನಿನ ಗೋಧಿ ಸೈಲೋಗಳು ನಿರ್ಮಾಣವಾದಾಗ, ಅಲ್ಲಿಂದ ರೈಲಿನಲ್ಲಿ ಬರುವ ಬಿಡಿಗೋಧಿಯನ್ನು ಇಳಿಸಿಕೊಳ್ಳುವ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಯಿತು. ಅಂತಹ ಕಣಜಕ್ಕೆ ಒಂದೇ ಧಾನ್ಯ ಅಪಾರ ಪ್ರಮಾಣದಲ್ಲಿ, ಒಂದೇ ಗುಣಮಟ್ಟದಲ್ಲಿ ಬರಬೇಕು. ರಾಗಿ, ಅವರೆ, ಹುರುಳಿ, ಹುಚ್ಚೆಳ್ಳುಗಳನ್ನು ಒಂದೇ ಹೊಲದಲ್ಲಿ ಸಾಲು ಬಿಟ್ಟು ಬೆಳೆಯುವ ಬಯಲುಸೀಮೆಯ ರೈತನಿಗೆ ಅದು ಒಗ್ಗುವ ಸಾಧನವಲ್ಲ.

ಹಗೇವನ್ನು ಹಿಂದಿನವರ ಪರಿಪೂರ್ಣ ಜ್ಞಾನವೆಂದು ಹೊಗಳುವುದಕ್ಕೆ 1877ರ ಬರ ಅಡ್ಡಿಯಾಗುತ್ತದೆ. ಗೋದಾಮನ್ನು ಪ್ರಗತಿಯೆಂದು ಹೊಗಳುವುದಕ್ಕೆ 1942ರ ಅಕ್ಕಿಯ ಅಭಾವ ಅಡ್ಡಿಯಾಗುತ್ತದೆ. ಮನೆಯೊಂದರ ಹಗೇವು ನೆರೆಮನೆಯ ಹಸಿವನ್ನು ನೀಗಿಸಲಾರದು, ದೂರದ ರೈಲನ್ನು ಕಾದಿರುವ ಪಟ್ಟಣ ರೈಲು ನಿಂತ ದಿನ ಉಪವಾಸ ಬೀಳುತ್ತದೆ. ಬೆಳೆಯುವಲ್ಲಿಯೇ ಒಂದು ಪಾಲು ಉಳಿದು, ಆ ಪಾಲು ಇಲ್ಲದವರಿಗೂ ದಕ್ಕುವ ಏರ್ಪಾಟು ಮಾತ್ರ ಎರಡರ ದೋಷವನ್ನೂ ನೀಗಬಲ್ಲದು. ಅದಕ್ಕೆ ಮೊದಲು ಆಗಬೇಕಾದ ಕೆಲಸವೊಂದಿದೆ: ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಾಂಕ್ರೀಟಿನಡಿ ಸೇರದೆ ಉಳಿದಿರುವ ಹಗೇವುಗಳನ್ನು ಗುರುತಿಸಿ, ಅಳೆದು, ಅವುಗಳನ್ನು ತುಂಬಿ ತೆರೆದ ಅನುಭವವಿರುವ ಹಿರಿಯರ ತಿಳಿವಳಿಕೆಯನ್ನು ಬರೆದಿಡುವುದು. ಗಣಿಯ ಪ್ರತಿಯೊಂದು ಬಾವಿಯ ಆಳಕ್ಕೂ ನಕ್ಷೆಯಿರುವ ಈ ನೆಲದಲ್ಲಿ ಧಾನ್ಯದ ಗುಂಡಿಗಳಿಗೂ ಒಂದು ನಕ್ಷೆ ಇರಬೇಕು.